ಜರ್ಮನಿಯಲ್ಲಿ ಪ್ರಾಧ್ಯಾಪಕರಾಗಬೇಕೆಂದವರಿಗೆ

ಊರಿನಲ್ಲಿ ಪಿಎಚ್‌ಡಿ ಮುಗಿಸುತ್ತಿರುವ ಹುಡುಗ ಹುಡುಗಿಯರು ಕೇಳುವ ಪ್ರಶ್ನೆ ಒಂದೇ: "ಸರ್, ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುವ ಕೆಲಸ ಸಿಗುತ್ತದೆಯೇ?" ಸಿಗುತ್ತದೆ, ಆದರೆ ಉಳಿಯುವುದು ಕಷ್ಟ.

ಇಲ್ಲಿ ಜರ್ಮನಿಯಲ್ಲಿ ನೆಟ್, ಕೆ-ಸೆಟ್‌ಗಳಂಥ ಅರ್ಹತಾ ಪರೀಕ್ಷೆಯಿಲ್ಲ. ಹಾಗೆಯೇ ಸಹಾಯಕ ಪ್ರಾಧ್ಯಾಪಕನಾಗಿ ಸೇರಿ, ವರ್ಷ ಕಳೆದಂತೆ ಬಡ್ತಿ ಪಡೆಯುತ್ತ ಅಲ್ಲಿಯೇ ನಿವೃತ್ತನಾಗುವ ದಾರಿಯೂ ಅಪರೂಪ. 2007ರ ಕಾನೂನಿನ ಪ್ರಕಾರ ಪಿಎಚ್‌ಡಿಗೆ ಮೊದಲು 6 ವರ್ಷ, ಆಮೇಲೆ 6 ವರ್ಷ ತಾತ್ಕಾಲಿಕ ಒಪ್ಪಂದದಲ್ಲಿ ದುಡಿಸಿಕೊಳ್ಳಬಹುದು. ವೈದ್ಯಕೀಯದಲ್ಲಿ ಎರಡನೆಯ ಅವಧಿ 9 ವರ್ಷ. ಅಷ್ಟರೊಳಗೆ ಕಾಯಂ ಆಗದಿದ್ದರೆ ಯಾವುದಾದರೂ ಯೋಜನೆಯ ಹಣವನ್ನು ನಂಬಿಕೊಂಡಿರಬೇಕು, ಇಲ್ಲವೇ ಹೊರಡಬೇಕು. ಈ ವ್ಯವಸ್ಥೆಯನ್ನು ಸಮರ್ಥಿಸಲು ಸರ್ಕಾರ ಹನ್ನಾ ಎಂಬ ಕಾಲ್ಪನಿಕ ಸಂಶೋಧಕಿಯ ವಿಡಿಯೊ ಮಾಡಿತ್ತು. 2021ರಲ್ಲಿ ಅದು ಸಂಶೋಧಕರ ಕಣ್ಣಿಗೆ ಬಿದ್ದು, ಸಾವಿರಾರು ಮಂದಿ "ನಾನೇ ಹನ್ನಾ" ಎಂದು ತಮ್ಮ ಗೋಳನ್ನು ತೋಡಿಕೊಂಡರು. ಕಾನೂನು ಮಾತ್ರ ಉಳಿದುಕೊಂಡಿತು.

ಪ್ರಾಧ್ಯಾಪಕರ ಆಯ್ಕೆಯೇ ಒಂದು ದೀರ್ಘ ವ್ರತ. ಸಮಿತಿಯಲ್ಲಿ ಪ್ರಾಧ್ಯಾಪಕರ ಜೊತೆ ಕಿರಿಯ ಸಂಶೋಧಕರೂ ವಿದ್ಯಾರ್ಥಿಗಳೂ ಕೂರುತ್ತಾರೆ. ಮಾದರಿ ಪಾಠ ಕೇಳಿ, ಹೊರಗಿನ ತಜ್ಞರ ಅಭಿಪ್ರಾಯ ತರಿಸಿ, ಸಾಮಾನ್ಯವಾಗಿ ಮೂರು ಹೆಸರುಗಳನ್ನು ಕ್ರಮವಾಗಿ ಬರೆಯುತ್ತಾರೆ. ಎರಡನೆಯವರು ಮೊದಲನೆಯವರ ನಿರ್ಧಾರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಈಗಾಗಲೇ ಕೆಲಸ ಮಾಡುತ್ತಿರುವ ವಿಶ್ವವಿದ್ಯಾಲಯದಲ್ಲಿಯೇ ಪ್ರಾಧ್ಯಾಪಕ ಹುದ್ದೆ ಕೊಡುವುದು ಸಾಮಾನ್ಯವಾಗಿ ಸಲ್ಲದು. ಹಾಗಾಗಿ ಗಂಟುಮೂಟೆ ಸದಾ ಸಿದ್ಧವಿರಬೇಕು.

ನಮ್ಮವರು ಕೇಳದೆ ಬಿಡುವುದು ಫಾಖ್‌ಹೋಖ್‌ಶೂಲೆಗಳ ಬಗ್ಗೆ. ಈಗ ಇವು ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯಗಳೆಂದು ಕರೆದುಕೊಳ್ಳುತ್ತವೆ. ಇಲ್ಲಿ ಪ್ರಾಧ್ಯಾಪಕರಾಗಲು ಪಿಎಚ್‌ಡಿಯ ಜೊತೆ ಸಾಮಾನ್ಯವಾಗಿ ಕನಿಷ್ಠ 5 ವರ್ಷಗಳ ವೃತ್ತಿ ಅನುಭವ ಬೇಕು, ಅದರಲ್ಲಿ 3 ವರ್ಷವಾದರೂ ಉನ್ನತ ಶಿಕ್ಷಣ ಸಂಸ್ಥೆಗಳ ಹೊರಗಿನದಾಗಿರಬೇಕು. ಪ್ರಬಂಧಗಳ ಮೇಲೆ ಪ್ರಬಂಧ ಬರೆದು ಕ್ಯಾಂಪಸ್ ಬಿಟ್ಟು ಕದಲದ ಜಾಣನಿಗೆ ಇಲ್ಲಿ ಅರ್ಹತೆಯೇ ಇಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ವಿನ್ಯಾಸ ಮಾಡಿ ಡಾಕ್ಟರೇಟನ್ನೂ ಪಡೆದ ಎಂಜಿನಿಯರ್‌ಗೆ ಇದೆ. ನನಗಂತೂ ಇದು ನ್ಯಾಯವೆಂದೇ ತೋರುತ್ತದೆ.

ಕೆಲಸ ಹಗುರವಲ್ಲ. ವಿಶ್ವವಿದ್ಯಾಲಯದಲ್ಲಿ ವಾರಕ್ಕೆ 8-9 ಗಂಟೆ ಪಾಠವಾದರೆ ಇಲ್ಲಿ 18, ಒಂದೊಂದು ಗಂಟೆಗೆ 45 ನಿಮಿಷ. ಪದವಿ ತರಗತಿಗಳು ಬಹುಪಾಲು ಜರ್ಮನ್ ಭಾಷೆಯಲ್ಲಿ ನಡೆಯುತ್ತವೆ. ಅಂಗಡಿಯಲ್ಲಿ ಬ್ರೆಡ್ ಕೊಳ್ಳುವಷ್ಟು ಭಾಷೆ ಸಾಲದು. ಹಿಂದಿನ ಬೆಂಚಿನವನು ಗೊಣಗಿದ ಪ್ರಶ್ನೆಯೂ ಅರ್ಥವಾಗಬೇಕು.

ಬೋಧನೆಯ ಅನುಭವವಿಲ್ಲದವರು ಮೊದಲು ಒಂದು ವಿಷಯವನ್ನು ಗಂಟೆ ಲೆಕ್ಕದಲ್ಲಿ ಕಲಿಸಲು ಕೇಳಿಕೊಳ್ಳಬಹುದು. ನಮ್ಮ ಅತಿಥಿ ಉಪನ್ಯಾಸಕರಿಗೆ ಈ ಬಗೆಯ ಸಂಭಾವನೆಯ ಬಗ್ಗೆ ಹೇಳಿಕೊಡಬೇಕಾದ್ದೇನೂ ಇಲ್ಲ. ಆದರೆ ಅರ್ಜಿಯಲ್ಲಿ ಆ ಅನುಭವಕ್ಕೆ ಬೆಲೆಯಿದೆ.

ಇನ್ನೊಂದು ಮಾತು, ಈಗ ಬೆಂಗಳೂರಿನ ಕಂಪನಿಗಳಲ್ಲಿ ಇರುವವರಿಗೆ. ನಮ್ಮ ರಿಲೀವಿಂಗ್ ಲೆಟರ್‌ನಲ್ಲಿ ಸಾಮಾನ್ಯವಾಗಿ ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಜರ್ಮನಿಯಲ್ಲಿ ಕೆಲಸ ಬಿಡುವವರಿಗೆ ಕೊಡುವ ಪತ್ರಗಳಲ್ಲಿ ಯಾವ ಕೆಲಸ, ಯಾವ ಹೊಣೆ, ಹೇಗೆ ನಿಭಾಯಿಸಿದರು ಎಂದೆಲ್ಲ ವಿವರವಿರುತ್ತದೆ. ವೃತ್ತಿ ಅನುಭವಕ್ಕೆ ಸಾಕ್ಷಿಯಾಗಿ ಆಯ್ಕೆ ಸಮಿತಿಯವರಿಗೆ ಅದೇ ರೂಢಿ. ಕೆಲಸ ಬಿಡುವ ಮೊದಲೇ ಅಂಥದ್ದೊಂದನ್ನು ಮೇಲಧಿಕಾರಿಯಿಂದ ಬರೆಸಿ, ಸಹಿ ಮೊಹರು ಹಾಕಿಸಿಟ್ಟುಕೊಳ್ಳಿ. ಅವರೂ ಕಂಪನಿ ಬಿಟ್ಟ ಮೇಲೆ ಹುಡುಕುವುದು ಕಷ್ಟ.