ಬಣ್ಣ ಆಮೇಲೆ, ಮೊದಲು ಹೊಳಪು: ಟೋನಿಂಗ್ ಇರುವ ನಾಣ್ಯದ ಗ್ರೇಡ್ ನೋಡುವುದು ಹೇಗೆ?

ಬೆಳ್ಳಿ ನಾಣ್ಯದ ಮೇಲೆ ಕಾಲಕ್ರಮೇಣ ಮೂಡುವ ನೀಲಿ, ನೇರಳೆ, ಬಂಗಾರದ ಛಾಯೆ, ಅಂದರೆ ಟೋನಿಂಗ್, ಕಂಡರೆ ಕೆಲವರು ನಾಣ್ಯ ಕೆಟ್ಟಿತೆಂದು ತೊಳೆಯಲು ಹೊರಡುತ್ತಾರೆ. ಇನ್ನು ಕೆಲವರು ಬಣ್ಣಕ್ಕೇ ಮರುಳಾಗಿ ಕೇಳಿದಷ್ಟು ಹಣ ಕೊಡುತ್ತಾರೆ. ಗ್ರೇಡ್ ಮಾಡುವವರು, ಅಂದರೆ ನಾಣ್ಯದ ಸ್ಥಿತಿಗೆ ಅಂಕ ಕೊಡುವವರು, ಮೊದಲು ನೋಡುವುದು ಬೇರೆಯದನ್ನೇ: ಆ ಬಣ್ಣದ ಕೆಳಗೆ ಟಂಕಸಾಲೆಯ ಮೂಲ ಹೊಳಪು ಇನ್ನೂ ಉಳಿದಿದೆಯೇ?

ಈಗ ಎಲ್ಲೆಡೆ ಬಳಕೆಯಲ್ಲಿರುವ 1ರಿಂದ 70ರವರೆಗಿನ ಅಳತೆಯ ಮೂಲ, 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ಹಳೆಯ ದೊಡ್ಡ ಸೆಂಟ್‌ಗಳಿಗಾಗಿ ಮಾಡಿದ ಪಟ್ಟಿ. ಚಲಾವಣೆಯಲ್ಲಿ ಸವೆಯದ ನಾಣ್ಯಗಳಿಗೆ 60ರಿಂದ 70ರ ನಡುವಿನ ಅಂಕ. ಗೀರು-ಗಾಯಗಳು, ಅಚ್ಚು ಎಷ್ಟು ಚೆನ್ನಾಗಿ ಮೂಡಿದೆ ಎಂಬುದು, ಹೊಳಪು, ಕೊನೆಗೆ ಒಟ್ಟು ನೋಟದ ಸೊಗಸು, ಅಂದರೆ ಐ ಅಪೀಲ್. ಅಂಕ ನಿಲ್ಲುವುದು ಈ ನಾಲ್ಕರ ಮೇಲೆ. ಟೋನಿಂಗ್ ಕೊನೆಯದರ ಪಾಲಿಗೆ ಬರುತ್ತದೆ. ಸವೆದ ನಾಣ್ಯ ಎಷ್ಟೇ ಬಣ್ಣಬಣ್ಣವಾಗಿದ್ದರೂ ಸವೆಯದ ನಾಣ್ಯ ಆಗುವುದಿಲ್ಲ. ಆದರೆ 64 ಕೊಡಬೇಕೋ 65 ಕೊಡಬೇಕೋ ಎಂದು ಅಳೆದು ಸುರಿಯುವ ಹಂತದಲ್ಲಿ ಒಳ್ಳೆಯ ಬಣ್ಣ ಅದನ್ನು 65ಕ್ಕೆ ಏರಿಸಬಹುದು, ಮಸುಕು ಕಂದು ಮಚ್ಚೆಗಳು 63ಕ್ಕೂ ಇಳಿಸಬಹುದು. ನಾಣ್ಯಗಳಿಗೆ ಗ್ರೇಡ್ ಕೊಡುವ ಅಮೆರಿಕದ ಎನ್‌ಜಿಸಿ ಸಂಸ್ಥೆ ಅಸಾಧಾರಣ ಸೊಗಸಿನ ನಾಣ್ಯಕ್ಕೆ ಅಂಕದ ಪಕ್ಕದಲ್ಲೊಂದು ನಕ್ಷತ್ರದ ಗುರುತು ಹಾಕುತ್ತದೆ, ಅಂಕ ಮಾತ್ರ ಬದಲಾಗುವುದಿಲ್ಲ. ಈ ಪದ್ಧತಿ ನನಗೆ ಪ್ರಾಮಾಣಿಕವಾಗಿ ಕಾಣುತ್ತದೆ. ಸೊಗಸಿಗೆ ಅದರದೇ ಗುರುತು ಸಿಕ್ಕಿತು, ಗೀರುಗಳ ಲೆಕ್ಕ ಹಾಗೇ ಉಳಿಯಿತು.

ಬಣ್ಣ ಬರುವುದು ಬಣ್ಣದ ವಸ್ತುವಿನಿಂದಲ್ಲ. ಗಾಳಿಯಲ್ಲಿರುವ, ಕಾಗದ-ರಟ್ಟು-ಬಟ್ಟೆಗಳಿಂದ ಹೊರಬರುವ ಗಂಧಕ ಬೆಳ್ಳಿಯೊಡನೆ ಸೇರಿ ಸಿಲ್ವರ್ ಸಲ್ಫೈಡ್‌ನ ತೀರಾ ತೆಳುವಾದ ಪದರ ಕಟ್ಟುತ್ತದೆ. ಪದರದ ಮೇಲ್ಮೈಯಿಂದ ಹಿಂತಿರುಗಿದ ಬೆಳಕೂ ಕೆಳಗಿನ ಲೋಹದಿಂದ ಹಿಂತಿರುಗಿದ ಬೆಳಕೂ ಕೂಡಿಕೊಂಡಾಗ ಕೆಲವು ಬಣ್ಣ ಅಳಿಸಿಹೋಗುತ್ತವೆ, ಕೆಲವು ಎದ್ದು ಕಾಣುತ್ತವೆ. ಒದ್ದೆ ರಸ್ತೆಯ ಮೇಲೆ ಹರಡಿದ ಎಣ್ಣೆಯಲ್ಲಿ ಕಾಣುವುದೂ ಇದೇ. ಹೀಗಾಗಿ ಯಾವ ಬಣ್ಣ ಎಂಬುದನ್ನು ಪದರದ ದಪ್ಪವೇ ತೀರ್ಮಾನಿಸುತ್ತದೆ, ಮತ್ತು ಬಣ್ಣಗಳಿಗೆ ಒಂದು ಕ್ರಮ ಇರುತ್ತದೆ: ಮೊದಲು ತಿಳಿಹಳದಿ, ಆಮೇಲೆ ಗಾಢ ಬಂಗಾರ, ಕೆನ್ನೇರಳೆ, ನೀಲಿ. ಪದರ ಇನ್ನೂ ದಪ್ಪವಾದರೆ ಮತ್ತೆ ಹಳದಿ, ಕೆನ್ನೇರಳೆ, ಹಸಿರು. ಕೊನೆಗೆ ಕಪ್ಪು.

ಈ ಕ್ರಮ ನೆನಪಿದ್ದರೆ ಅರ್ಧ ಪರೀಕ್ಷೆ ಮುಗಿದಂತೆ. ಹಳೆಯ ರಟ್ಟಿನ ಆಲ್ಬಮ್‌ನಲ್ಲಿ ವರ್ಷಗಟ್ಟಲೆ ಕುಳಿತ ನಾಣ್ಯವನ್ನೇ ನೋಡಿ. ಗಂಧಕ ಅಂಚಿನಿಂದ ಒಳಗೆ ಬರುತ್ತದೆ, ಆದ್ದರಿಂದ ಪದರ ಅಂಚಿನಲ್ಲಿ ದಪ್ಪ, ನಡುವೆ ತೆಳು. ಹೊರಸುತ್ತು ನೀಲಿ, ಅದರೊಳಗೆ ಕೆನ್ನೇರಳೆ, ಅದರೊಳಗೆ ಬಂಗಾರ, ನಡುಮಧ್ಯೆ ಬಿಳಿ. ಒಂದು ಬಣ್ಣ ಇನ್ನೊಂದರೊಳಗೆ ಗೆರೆಯಿಲ್ಲದೆ ಕರಗುತ್ತದೆ. ನೀಲಿಯ ಪಕ್ಕದಲ್ಲೇ ಬಿಳಿ ಬೆಳ್ಳಿ ಕಂಡರೆ, ನಡುವೆ ಬರಬೇಕಿದ್ದ ಬಂಗಾರ ಮತ್ತು ಕೆನ್ನೇರಳೆ ಎಲ್ಲಿ ಹೋದವು ಎಂದು ಕೇಳಲೇಬೇಕು. ಸಾವಿರ ನಾಣ್ಯದ ಬಟ್ಟೆಚೀಲಗಳಲ್ಲಿ ಉಳಿದ ಮಾರ್ಗನ್ ಡಾಲರ್‌ ಎಂಬ ಅಮೆರಿಕದ ಹಳೆಯ ಬೆಳ್ಳಿ ನಾಣ್ಯಗಳಲ್ಲಿ ಚಿತ್ರ ಬೇರೆ. ಬಟ್ಟೆಗೆ ತಾಗಿದ ಕಡೆಯಷ್ಟೇ ಬಣ್ಣ, ಕೆಲವೊಮ್ಮೆ ನೇಯ್ಗೆಯ ಗುರುತೂ ಮೂಡಿರುತ್ತದೆ. ಪಕ್ಕದ ನಾಣ್ಯ ಮುಚ್ಚಿಕೊಂಡಿದ್ದ ಭಾಗ ಕಮಾನಿನ ಆಕಾರದಲ್ಲಿ ಬಿಳಿಯಾಗಿಯೇ ಉಳಿದಿರುತ್ತದೆ.

ಕೃತಕ ಟೋನಿಂಗ್ ಅವಸರದ ಕೆಲಸ. ಬಿಸಿ ಮಾಡುವುದು, ಗಂಧಕದ ದ್ರಾವಣ ಹಚ್ಚುವುದು, ಹೊಗೆ ಹಿಡಿಸುವುದು, ದಾರಿಗಳು ಹಲವು. ಬಣ್ಣ ಮೇಲೆ ತೇಲಿದಂತೆ ಕಾಣುತ್ತದೆ, ಅಕ್ಷರಗಳ ಸಂದುಗಳಲ್ಲಿ ದ್ರವ ನಿಂತ ಗುರುತು, ಹನಿ ಜಾರಿದ ಗೆರೆ ಸಿಗುತ್ತದೆ. ಬಹುತೇಕ ಸಲ ಹೀಗೆ ಬಣ್ಣ ಕಟ್ಟುವುದು ಉಜ್ಜಿ ತೊಳೆದು ಹಾಳಾದ ನಾಣ್ಯವನ್ನು ಮುಚ್ಚಲು. ಆದ್ದರಿಂದ ಬಣ್ಣದ ಅಡಿಯಲ್ಲಿ ಒಂದೇ ದಿಕ್ಕಿಗೆ ಓಡುವ ಕೂದಲೆಳೆಯ ಗೀರುಗಳನ್ನು ಹುಡುಕಿ. ಗೀರಿನೊಳಗೂ ಬಣ್ಣವಿದ್ದರೆ ಗೀರು ಹಳೆಯದು, ಬಣ್ಣವನ್ನು ಸೀಳಿಕೊಂಡು ಬೆಳ್ಳಗೆ ಮಿಂಚುತ್ತಿದ್ದರೆ ಬಣ್ಣ ಬಂದ ಮೇಲಿನದು. ಸಂಶಯ ಬಂದರೆ ಪಿಸಿಜಿಎಸ್, ಎನ್‌ಜಿಸಿಯಂಥ ಸಂಸ್ಥೆಗಳು ಅಂಕ ಕೊಡದೆ ‘ಡೀಟೇಲ್ಸ್’, ಅಂದರೆ ನಾಣ್ಯ ಅಸಲಿ ಆದರೆ ಮೈಯಲ್ಲಿ ದೋಷವಿದೆ, ಎಂದು ಬರೆದು ಕಳಿಸುತ್ತವೆ.

ನೋಡುವ ಕ್ರಮ ಸರಳ, ಆದರೆ ಬೆಳಕು ಸರಿ ಇರಬೇಕು. ಟ್ಯೂಬ್‌ಲೈಟ್ ಬೇಡ, ಅದರ ಹರಡಿದ ಬೆಳಕು ಗೀರುಗಳನ್ನು ಅಡಗಿಸುತ್ತದೆ. ಕೋಣೆ ಕತ್ತಲು ಮಾಡಿ ಒಂದೇ ಮೇಜುದೀಪ ಹಚ್ಚಿ, ನಾಣ್ಯವನ್ನು ಅಂಚಿನಲ್ಲಿ ಹಿಡಿದು ಬಲ್ಬಿನಿಂದ ಸುಮಾರು ಒಂದು ಅಡಿ ದೂರದಲ್ಲಿ ಮೆಲ್ಲಗೆ ಓರೆ ಮಾಡುತ್ತಾ ತಿರುಗಿಸಿ. ಅಚ್ಚೊತ್ತಿದಾಗ ಲೋಹ ಹೊರಮುಖವಾಗಿ ಹರಿದು ಮೂಡಿದ ಸೂಕ್ಷ್ಮ ಗೆರೆಗಳ ಮೇಲೆ ಬೆಳಕಿನ ಪಟ್ಟಿಯೊಂದು ಗಾಡಿಚಕ್ರದ ಕಡ್ಡಿಯಂತೆ ಸುತ್ತುತ್ತದೆ. ಆ ಪಟ್ಟಿ ಬಣ್ಣದ ಮೂಲಕವೂ ಎಲ್ಲೂ ತುಂಡಾಗದೆ ಸುತ್ತಿದರೆ ಹೊಳಪು ಕ್ಷೇಮ. ಬಣ್ಣ ಇರುವಲ್ಲಿ ಪಟ್ಟಿ ಸತ್ತರೆ, ಪದರ ದಪ್ಪವಾಗಿ ಲೋಹವನ್ನೇ ತಿಂದಿದೆ ಅಥವಾ ಹೊಳಪು ಮೊದಲೇ ಹೋಗಿತ್ತು. ಆಮೇಲಷ್ಟೇ 5 ಪಟ್ಟು ಹಿಗ್ಗಿಸುವ ಮಸೂರ ತೆಗೆದುಕೊಂಡು ಮುಖದ ಕೆನ್ನೆ ಮತ್ತು ಖಾಲಿ ಬಯಲನ್ನು ನೋಡಿ. ಗಾಢ ಬಣ್ಣ ಗೀರುಗಳನ್ನು ನುಂಗುವುದು ಅಲ್ಲೇ. 10 ಪಟ್ಟಿನ ಮಸೂರದಲ್ಲಿ ಸಣ್ಣ ಚುಕ್ಕೆಯೂ ಗಾಯದಂತೆ ಕಾಣುವುದರಿಂದ ಗ್ರೇಡ್ ಅಂದಾಜಿಗೆ ಅದು ಬೇಡ, ಅಸಲಿಯೇ ನಕಲಿಯೇ ನೋಡಲು ಇಟ್ಟುಕೊಳ್ಳಿ.

ಫೋಟೊ ನೋಡಿ ಕೊಳ್ಳುವಾಗ ಒಂದೇ ಕೋನದ, ಬಣ್ಣ ಉಕ್ಕಿ ಹರಿಯುವ ಚಿತ್ರವನ್ನು ನಂಬಬೇಡಿ. ದೀಪದಡಿ ತಿರುಗಿಸಿದ ವಿಡಿಯೊ ಕೇಳಿ.

ಕಪ್ಪು ಬಣ್ಣ ತೆಗೆಯಲು ಡಿಪ್ಪಿಂಗ್ ಎಂಬ ಉಪಾಯವಿದೆ. ಥಯೊಯೂರಿಯಾ ಬೆರೆತ ಆಮ್ಲದ ದ್ರಾವಣದಲ್ಲಿ ಕೆಲವೇ ಸೆಕೆಂಡು ಅದ್ದಿ ತೊಳೆಯುವುದು. ಪದರದಲ್ಲಿದ್ದ ಬೆಳ್ಳಿ ಆ ಪದರದೊಂದಿಗೇ ಹೊರಟುಹೋಗುತ್ತದೆ. ಒಮ್ಮೆ ಅದ್ದಿದರೆ ಕಾಣದಿರಬಹುದು, ಪದೇ ಪದೇ ಅದ್ದಿದರೆ ಮೇಲೆ ಹೇಳಿದ ಸೂಕ್ಷ್ಮ ಗೆರೆಗಳು ಕರಗಿ ನಾಣ್ಯ ಬೆಳ್ಳಗೆ ಇದ್ದರೂ ನಿರ್ಜೀವವಾಗುತ್ತದೆ. ಸರಿಯಾಗಿ ತೊಳೆಯದೆ ಉಳಿದ ದ್ರಾವಣ ಮುಂದೆ ಕಂದು ಮಚ್ಚೆಯಾಗುತ್ತದೆ. ಪೂರ್ತಿ ಕಪ್ಪಡರಿದ ನಾಣ್ಯವನ್ನು ಅದ್ದಿದರೆ ಕೆಳಗಿಂದ ಬರುವುದು ಹೊಳಪಲ್ಲ, ಕುಳಿ ಬಿದ್ದ ಮೈ. ಅಡುಗೆ ಸೋಡಾ, ಟೂತ್‌ಪೇಸ್ಟ್‌ಗಳಂತೂ ನೇರವಾಗಿ ಗೀರುತ್ತವೆ.

ಮೆತ್ತನೆಯ ಪಿವಿಸಿ ಕವರ್‌ನಿಂದ ಬಂದ ಹಸಿರು ಜಿಡ್ಡು ಟೋನಿಂಗ್ ಅಲ್ಲ, ಅದನ್ನು ತೆಗೆಯಲೇಬೇಕು. ಶುದ್ಧ ಅಸಿಟೋನ್ ಅನ್ನು ಗಾಜಿನ ಬಟ್ಟಲಿಗೆ ಸುರಿದು, ಗಾಳಿಯಾಡುವ ಕಡೆ, ಬೆಂಕಿಯಿಂದ ದೂರದಲ್ಲಿ ನಾಣ್ಯವನ್ನು ನೆನೆಸಿಡಿ. ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ, ಒರೆಸದೆ ತಾನಾಗಿ ಆರಲು ಬಿಡಿ. ಬೆಳ್ಳಿಯ ಮೇಲಿನ ನಿಜವಾದ ಟೋನಿಂಗ್ ಅಸಿಟೋನ್‌ಗೆ ಕರಗುವುದಿಲ್ಲ.

ತಾಮ್ರಕ್ಕೆ ಲೆಕ್ಕ ಬೇರೆ. ಮೂಲ ಕೆಂಪು ಸುಮಾರು 95 ಶೇಕಡಾಕ್ಕಿಂತ ಹೆಚ್ಚು ಉಳಿದಿದ್ದರೆ ಆರ್‌ಡಿ (ರೆಡ್, ಕೆಂಪು), 5 ಶೇಕಡಾಕ್ಕಿಂತ ಕಡಿಮೆಯಾದರೆ ಬಿಎನ್ (ಬ್ರೌನ್, ಕಂದು), ನಡುವಿನದು ಆರ್‌ಬಿ (ರೆಡ್-ಬ್ರೌನ್). ಅಂಕ 65 ಒಂದೇ ಆದರೂ ಈ ಅಕ್ಷರಗಳಿಂದ ಬೆಲೆ ಬಹಳ ಬದಲಾಗುತ್ತದೆ. ತಾಮ್ರವನ್ನು ಯಾವತ್ತೂ ಡಿಪ್ ಮಾಡಬೇಡಿ, ಬರುವ ಕಿತ್ತಳೆ-ಗುಲಾಬಿ ಬಣ್ಣವನ್ನು ಪರಿಣತರು ಕಂಡ ಕೂಡಲೇ ಗುರುತಿಸುತ್ತಾರೆ.

ಇರುವ ಬಣ್ಣ ಉಳಿಸಿಕೊಳ್ಳಲು ಪಿವಿಸಿ ಇಲ್ಲದ ಮೈಲಾರ್ ಕವರ್ ಅಥವಾ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಜೊತೆಗೆ ಸಿಲಿಕಾ ಜೆಲ್ ಸಾಕು. ರಬ್ಬರ್ ಬ್ಯಾಂಡ್‌ನಲ್ಲಿ ಗಂಧಕವಿದೆ, ಹತ್ತಿರ ಇಡಬೇಡಿ. ಗ್ರೇಡ್ ಕೊಟ್ಟ ಸಂಸ್ಥೆ ನಾಣ್ಯವನ್ನು ಮುಚ್ಚಿ ಕೊಡುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ, ಅಂದರೆ ಸ್ಲ್ಯಾಬ್ ಕೂಡ ಪೂರ್ತಿ ಗಾಳಿಬಿಗಿಯಲ್ಲ. ಅದರೊಳಗೂ ಬಣ್ಣ ನಿಧಾನವಾಗಿ ಮುಂದುವರಿಯುತ್ತದೆ, ಆದ್ದರಿಂದ ಸ್ಲ್ಯಾಬ್‌ಗಳನ್ನೂ ತಂಪಾದ ಒಣ ಜಾಗದಲ್ಲೇ ಇಟ್ಟು ವರ್ಷಕ್ಕೊಮ್ಮೆ ಹಳೆಯ ಫೋಟೊ ಜೊತೆ ಹೋಲಿಸಿ ನೋಡಿ.