ಮುತ್ತಲ ಗಿಡವೂ ಅದರ ಬೊಡ್ಡೆಯ ಲೈಕೆನ್ನೂ

ಫೆಬ್ರವರಿ ಕೊನೆಗೆ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಾಡಿಗೆ ಹೋದವರ ಕಣ್ಣು ಮೊದಲು ಮುತ್ತಲಕ್ಕೇ ಹೋಗುತ್ತದೆ. ಎಲೆ ಉದುರಿ ಟೊಂಗೆ ತುಂಬ ಕೇಸರಿ ಹೂ. ಆದರೆ ಇಲ್ಲಿ ನೋಡಬೇಕಾದದ್ದು ಅದೇ ಗಿಡದ ಬೊಡ್ಡೆಗೆ ಅಂಟಿದ, ಅಂಗೈಗಿಂತ ಚಿಕ್ಕದಾದ ಬೂದು-ಬಿಳಿ ಲೈಕೆನ್, ಪಿಕ್ಸಿನೆ ಕೊಕೊಯಿಸ್. ಲೈಕೆನ್ ಎಂದರೆ ಶಿಲೀಂಧ್ರವೂ ಪಾಚಿಯೂ ಒಂದೇ ಮೈಯಾಗಿ ಕೂಡಿ ಬಾಳುವ ಜೀವಿ.

ಇದನ್ನು ಗಿಡದ ರೋಗವೆಂದು ಕೆರೆಯುವವರಿದ್ದಾರೆ. ಬೇಕಿಲ್ಲ. ಇದು ಗಿಡದ ರಸ ಹೀರುವುದಿಲ್ಲ. ಶಿಲೀಂಧ್ರದ ಎಳೆಗಳ ನಡುವೆ ಕೂತ ಹಸಿರು ಪಾಚಿ ಬಿಸಿಲಿನಲ್ಲಿ ಮಾಡುವ ಸಕ್ಕರೆಯೇ ಇಬ್ಬರಿಗೂ ಊಟ. ತೊಗಟೆ ಬರೀ ಜಾಗ.

ಗಿಡಕ್ಕೂ ಲೈಕೆನ್‌ಗೂ ನಿಜವಾದ ಅಂತರ ನೀರಿನಲ್ಲಿದೆ. ಮುತ್ತಲ ಬೇರು ಆಳಕ್ಕಿಳಿಸಿ, ಎಲೆ ಉದುರಿಸಿ ನೀರು ಉಳಿಸಿಕೊಂಡು, ಆ ಬೋಳು ಟೊಂಗೆಯಲ್ಲೇ ಹೂ ಬಿಟ್ಟು ಹಕ್ಕಿಗಳನ್ನು ಕರೆಯುತ್ತದೆ. ಲೈಕೆನ್‌ಗೆ ಬೇರೂ ಇಲ್ಲ, ಎಲೆಗಿರುವ ಮೇಣದ ಹೊದಿಕೆಯೂ ಇಲ್ಲ. ಇಬ್ಬನಿ ಬಿದ್ದರೆ ಮೈಯೆಲ್ಲ ಹೀರುತ್ತದೆ, ಬಿಸಿಲೇರಿದರೆ ಒಣಗಿ ಕೆಲಸ ನಿಲ್ಲಿಸುತ್ತದೆ. ಸಾಯುವುದಿಲ್ಲ. ನೀರು ಚಿಮುಕಿಸಿದರೆ ಕೆಲವೇ ನಿಮಿಷದಲ್ಲಿ ಬೂದು ಮೈಯೊಳಗಿಂದ ಹಸಿರು ಇಣುಕುತ್ತದೆ.

ಆದರೆ ಪಿಕ್ಸಿನೆಯನ್ನು ಗುರುತಿಸುವಾಗ ನೀರು ಕೊನೆಗೆ. ಮೊದಲು ಒಣ ಮೈಗೆ ಯುವಿ (ನೇರಳಾತೀತ ಬೆಳಕಿನ) ಟಾರ್ಚ್, 365 ನ್ಯಾನೊಮೀಟರ್‌ ತರಂಗದ್ದು. ಅಗ್ಗದ 395ರ ಟಾರ್ಚ್‌ನ ನೇರಳೆ ಬೆಳಕಿನಲ್ಲಿ ಬಣ್ಣ ಮುಚ್ಚಿಹೋಗುತ್ತದೆ. ಹಗಲಾದರೆ ಮೇಲೆ ಕಪ್ಪು ಬಟ್ಟೆ ಹಿಡಿಯಬೇಕು. ಪಿಕ್ಸಿನೆ ಹಳದಿಯಾಗಿ ಹೊಳೆಯುತ್ತದೆ; ನೋಡಲು ಅದರಂತೆಯೇ ಇರುವ ಇನ್ನೊಂದು ಲೈಕೆನ್ ಡಿರಿನೇರಿಯ ಹಾಗೆ ಹೊಳೆಯುವುದಿಲ್ಲ. ಆಮೇಲೆ ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹಲ್ಲುಕಡ್ಡಿಯ ತುದಿಯಿಂದ ಅಂಚಿಗೆ ಮುಟ್ಟಿಸಿ. ಡಿರಿನೇರಿಯದ ಮೈ ಹಳದಿಯಾಗುತ್ತದೆ, ಪಿಕ್ಸಿನೆಯದು ಬದಲಾಗದು. ಬಾಟಲಿ ಹಳೆಯದಾದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ದ್ರಾವಣ ಸಪ್ಪೆಯಾಗುತ್ತದೆ, ಆಗ ಎಲ್ಲವೂ ಪಿಕ್ಸಿನೆಯಂತೆಯೇ ಕಾಣುತ್ತವೆ. ಚರ್ಮ ಸುಡುವ ವಸ್ತು, ಕೈಗವಸು ಇರಲಿ.

ಮುತ್ತಲವನ್ನು ಗುರುತಿಸಲು ಇಷ್ಟೆಲ್ಲ ಬೇಡ. ಉದುರಿದ ಹೂ ಬಿಡಿಸಿದರೆ ಐದು ಎಸಳು, ಅವುಗಳಲ್ಲೇ ಗಿಣಿಕೊಕ್ಕಿನಂತೆ ಬಾಗಿದ ದೋಣಿಯಾಕಾರದ ಭಾಗ, ಒಳಗೆ ಹತ್ತು ಕೇಸರ: ಒಂಬತ್ತು ಕೂಡಿಕೊಂಡು, ಒಂದು ಬೇರೆ. ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಬೀಜ, ಗಾಳಿಗೆ ಹಾರುತ್ತದೆ. ಲೈಕೆನ್ ಹರಡುವ ಬಗೆ ನೋಡಲು 10 ಪಟ್ಟಿನ ಮಸೂರ ಬೇಕು. ಮೈಮೇಲಿನ ಹಿಟ್ಟಿನಂಥ ಕಣದಲ್ಲಿ ಶಿಲೀಂಧ್ರ, ಪಾಚಿ ಎರಡೂ ಇರುತ್ತವೆ, ಬಿದ್ದಲ್ಲಿ ಬಾಳುವೆ ಹೂಡಬಹುದು. ಕಪ್ಪು ಬಟ್ಟಲುಗಳಿಂದ ಸಿಡಿಯುವ ಬೀಜಕದಲ್ಲಿ ಶಿಲೀಂಧ್ರ ಮಾತ್ರ, ಜೊತೆಗಾರ ಪಾಚಿಯನ್ನು ಅದೇ ಹುಡುಕಿಕೊಳ್ಳಬೇಕು.

ಕಿರಾಣಿ ಅಂಗಡಿಯಲ್ಲಿ ಮಸಾಲಿಗೆಂದು ಮಾರುವ ಕಲ್ಲುಹೂ ಇದಲ್ಲ. ಅದು ಪರ್ಮೊಟ್ರೀಮ ಜಾತಿಯದು, ತಂಪು ಬೆಟ್ಟದ ಕಾಡುಗಳಿಂದ ಬರುತ್ತದೆ. ಚಿಂಚೋಳಿ ಕಾಡು 2011ರಿಂದ ವನ್ಯಜೀವಿಧಾಮ. ಅನುಮತಿಯಿಲ್ಲದೆ ತೊಗಟೆಯ ಚೂರನ್ನೂ ಕೀಳುವಂತಿಲ್ಲ, ದ್ರಾವಣದ ಪರೀಕ್ಷೆಗೂ ಮೊದಲೇ ಕೇಳಿಕೊಳ್ಳಬೇಕು.