ಹಿತ್ತಲ ಗೇಟು: ಮೂರನೇ ವಾರ

ಹಳೇ ಗೇಟಿನ ತಳಪಟ್ಟಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. ಚಹಾದಲ್ಲಿ ಅದ್ದಿದ ಖಾರಿಗೆ ಚುಚ್ಚಿದ ಹಾಗೆ ಹಿಡಿತನಕ ಹೋಯಿತು. ಮೇಲಿನ ಅರ್ಧ ಮಾತ್ರ ಕಲ್ಲಿನಂತಿತ್ತು. ತಮಾಷೆ ಅಂದ್ರೆ ಪೇಂಟು ಎರಡೂ ಕಡೆ ಚೆನ್ನಾಗೇ ಇತ್ತು. ಪೇಂಟಿನ ಬಿರುಕಿನಿಂದ ಒಳಹೋದ ನೀರು ಹೊರಬರಲಾಗದೆ ಅಲ್ಲೇ ಕೂತಿತ್ತು. ಧಾರವಾಡದ ಮಳೆ ಗೊತ್ತಲ್ಲ, ಹುಬ್ಬಳ್ಳಿಯಲ್ಲಿ ಬಿಸಿಲಿದ್ದರೂ ಇಲ್ಲಿ ಜಿಟಿಜಿಟಿ.

ಹೊಸ ಗೇಟಿಗೆ ಕಟ್ಟಿಗೆ ಅಡ್ಡೆಯಲ್ಲಿ ಹಳೇ ಮನೆಯ ಸಾಗವಾನಿ ಜಂತಿ ಸಿಕ್ಕವು. ಸಾಗವಾನಿ ಅಂದ್ರೆ ಎಲ್ಲಾ ಸಾಗವಾನಿ ಅಲ್ಲ. ಅಂಚಿನ ಬಿಳಿ ಭಾಗವನ್ನು ಹುಳು, ಗೆದ್ದಲು ಬಿಡುವುದಿಲ್ಲ, ನಡುವಿನ ಕಂದು ಕೆಚ್ಚೇ ತಾಳುವುದು. ಬಿಳಿಯದನ್ನೆಲ್ಲ ಕೊಯ್ದು ತೆಗೆದಾಗ ಕಾಲುಭಾಗ ಹೋಯಿತು. ಹೊಟ್ಟೆ ಉರಿಯಿತು.

ತಳಪಟ್ಟಿಯ ಮೇಲಂಚು ಸಪಾಟಾಗಿ ಇಟ್ಟಿದ್ದೆ. ನಮ್ಮ ಬಡಿಗೇರರು ನೋಡಿ, "ನೀರ್ ನಿಂದ್ರಾಕ ಜಾಗಾ ಕೊಟ್ರ ಎಣ್ಣಿ ಏನ್ ಮಾಡ್ತೈತ್ರಿ ಸರ್?" ಅಂದರು. ಇಳಿಜಾರು ಹೆರೆದೆ. ಹಲಗೆಗಳ ನಡುವೆ 6 ಮಿಮೀ ಸಂದು ಬಿಟ್ಟೆ. ಪಟ್ಟಿಯ ತುದಿ ಕೂರುವ ತೂತುಗಳಿಗೆ ಕೆಳಗಿನಿಂದ ಸಣ್ಣ ರಂಧ್ರ ಕೊರೆದೆ, ಹೊಕ್ಕ ನೀರು ಸೋರಿಹೋಗಲಿ ಅಂತ. ಗೇಟು ನೆಲದಿಂದ 3 ಇಂಚು ಮೇಲಿದೆ. ಕಂಬ ಕಲ್ಲಿನದು, ಆ ಚಿಂತೆ ಇಲ್ಲ. ಸ್ಕ್ರೂ ಎಲ್ಲ ಸ್ಟೇನ್‌ಲೆಸ್: ಹಳೇ ಗೇಟು ತುಕ್ಕು ಮೊಳೆಗಳ ಸುತ್ತಲೇ ಮೊದಲು ಕಪ್ಪಾಗಿತ್ತು.

ಓರೆ ಪಟ್ಟಿಯಲ್ಲಿ ಎಡವಿದೆ. ಮೇಲಿನ ಬಿಜಾಗರಿಯಿಂದ ಕೆಳಗಿನ ಚಿಲಕದ ಮೂಲೆಗೆ ಹಾಕಿದ್ದೆ. ಎರಡೇ ದಿನಕ್ಕೆ ಚಿಲಕದ ಕಡೆ ಅರ್ಧ ಇಂಚು ಜಗ್ಗಿತು. ಕೆಳಗಿನ ಬಿಜಾಗರಿಯಿಂದ ಮೇಲಿನ ಚಿಲಕದ ಮೂಲೆಗೆ ಕೊಟ್ಟರೆ ಭಾರ ಪಟ್ಟಿಯನ್ನು ಒತ್ತುತ್ತದೆ, ಕೀಲನ್ನು ಎಳೆಯುವುದಿಲ್ಲ. ಬಿಚ್ಚಿ ಮತ್ತೆ ಕೂಡಿಸಿದೆ.

ಈ ಸಲ ಪೇಂಟು ಬೇಡ, ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ಬಳಿದೆ. ಹಲಗೆಯ ಮೈಗೆ ಎರಡು ಕೈ ಸಾಕಾಯಿತು. ಕೊಯ್ದ ತುದಿಗಳು ಮಾತ್ರ ಐದು ಸಲ ಕುಡಿದವು, ನೀರು ಏರುವುದೂ ಅಲ್ಲಿಂದಲೇ ಅಲ್ವಾ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ತಂತಿಯ ಮೇಲೆ ಹರವಿಬಿಡಿ.

ನಿನ್ನೆ ಒಂದು ಬಕೆಟ್ ನೀರು ಸುರಿದು ನೋಡಿದೆ. ಹತ್ತು ನಿಮಿಷಕ್ಕೆ ಎಲ್ಲಾ ಕಡೆ ಇಳಿದಿತ್ತು. ಚಿಲಕದ ತಗಡಿನ ಹಿಂದೆ ಮಾತ್ರ ಇನ್ನೂ ಒದ್ದೆ. ಭಾನುವಾರ ತಗಡು ಬಿಚ್ಚಿ, ಹಿಂದೆ ವಾಷರ್ ಕೊಟ್ಟು ಸ್ವಲ್ಪ ಎತ್ತಬೇಕು.